ಹದಿಹರೆಯದ ಆಟಿಸ್ಟಿಕ್ ಮಕ್ಕಳಿಗೆ ಸಾಮಾಜಿಕ ಕೌಶಲದ ಗುಂಪು: ನಡೆಸಿ ಗೊತ್ತಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ

13ರಿಂದ 17 ವರ್ಷದ, ಆಟಿಸಂ ಇರುವ ಎಂಟು ಮಕ್ಕಳಿಗೆ ವಾರಕ್ಕೊಂದು ಸೆಷನ್‌ನಂತೆ ಸಾಮಾಜಿಕ ಕೌಶಲದ ಗುಂಪು ಶುರು ಮಾಡುತ್ತಿದ್ದೇವೆ. ಎಲ್ಲರಿಗೂ ಮಾತು ಚೆನ್ನಾಗಿ ಬರುತ್ತದೆ, ಆದರೆ ಗೆಳೆಯರಿಲ್ಲ. ಗುಂಪು ಹೇಗೆ ಕಟ್ಟಬೇಕು, ಒಂದು ಸೆಷನ್ ಹೇಗೆ ಸಾಗಬೇಕು, ಎಲ್ಲಿ ಕೈಕೊಡುತ್ತದೆ ಅಂತ ಹೇಳಿದರೆ ಉಪಕಾರವಾಗುತ್ತದೆ. ಕಣ್ಣು ನೋಡಿ ಮಾತಾಡುವುದನ್ನು ಮೊದಲು ಕಲಿಸೋಣ ಅಂತ ನಮ್ಮಲ್ಲಿ ಕೆಲವರ ಅಭಿಪ್ರಾಯ.

ಮನಶ್ಶಾಸ್ತ್ರಜ್ಞೆ, ಗುಂಪು ನಡೆಸುವವರು

ಎಂಟು ಒಳ್ಳೆಯ ಸಂಖ್ಯೆ. ಐದಾರೇ ಮಕ್ಕಳಿದ್ದರೆ ಇಬ್ಬರು ಬಾರದ ದಿನ ಗುಂಪೇ ಉಳಿಯುವುದಿಲ್ಲ. ಹತ್ತು ದಾಟಿದರೆ ಅಭ್ಯಾಸಕ್ಕೆ ಎಲ್ಲರ ಸರದಿ ಬರುವುದಿಲ್ಲ. ವಯಸ್ಸಿನ ಅಂತರ ಮಾತ್ರ ಜಾಸ್ತಿಯಾಯಿತು. 13ರ ಹುಡುಗನ ಲೋಕ ಬೇರೆ, 17ರವನ ಲೋಕ ಬೇರೆ. ಸಾಧ್ಯವಾದರೆ 13–14 ಒಂದು, 15–17 ಇನ್ನೊಂದು ಗುಂಪು ಮಾಡಿ. ಏಳು ಹುಡುಗರ ನಡುವೆ ಒಬ್ಬಳೇ ಹುಡುಗಿ ಆಗದಂತೆ ನೋಡಿಕೊಳ್ಳಿ, ಕಡೇಪಕ್ಷ ಇಬ್ಬರಿರಲಿ.

ಸೇರಿಸಿಕೊಳ್ಳುವ ಮುಂಚೆ ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿ ಕೇಳಲೇಬೇಕಾದ ಪ್ರಶ್ನೆ ಇದು: "ಗೆಳೆಯರು ಬೇಕು ಅಂತ ನಿನಗೆ ಅನ್ನಿಸುತ್ತಾ? ಇಲ್ಲಿಗೆ ಬರಲು ಇಷ್ಟ ಇದೆಯಾ?" ಅಪ್ಪ ಅಮ್ಮನಿಗೆ ಬೇಕು, ಮಗುವಿಗೆ ಬೇಡ ಅಂತಿದ್ದರೆ ಆ ಮಗುವನ್ನು ಈ ಸಲ ಬಿಡಿ. ಒಲ್ಲದ ಮನಸ್ಸಿನಿಂದ ಬಂದ ಮಗು ತಾನೂ ಕಲಿಯುವುದಿಲ್ಲ, ಉಳಿದವರ ಉತ್ಸಾಹವೂ ಇಳಿಯುತ್ತದೆ.

ಹೊಸದಾಗಿ ಪಾಠ ರೂಪಿಸುವ ಬದಲು ಪೀರ್ಸ್ (PEERS) ಅನ್ನುವ, ಗೆಳೆತನದ ಕೌಶಲ ಕಲಿಸುವ ಕಾರ್ಯಕ್ರಮದ ಚೌಕಟ್ಟು ನೋಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಎಲಿಜಬೆತ್ ಲಾಗಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ್ದು. ಹದಿಹರೆಯದವರ ಮೂಲ ಕೈಪಿಡಿಯಲ್ಲಿ 14 ವಾರ, ವಾರಕ್ಕೆ 90 ನಿಮಿಷ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಪೋಷಕರಿಗೂ ಪಾಠ. ಸಮಯದ ಹಂಚಿಕೆ ಹೀಗಿರಲಿ: ಮೊದಲ 30 ನಿಮಿಷ ಹೋಂವರ್ಕ್ (ಕಲಿತದ್ದನ್ನು ವಾರದಲ್ಲಿ ಹೊರಗೆ ಮಾಡಿ ನೋಡುವ ಕೆಲಸ) ವಿಚಾರಣೆ, ಆಮೇಲೆ 30 ನಿಮಿಷ ಹೊಸ ಕೌಶಲ, 20 ನಿಮಿಷ ಮಕ್ಕಳೇ ಮಾಡಿ ನೋಡುವುದು, ಕೊನೆಯ 10 ನಿಮಿಷ ಪೋಷಕರ ಜೊತೆ ಸೇರಿ ಮುಂದಿನ ಹೋಂವರ್ಕ್ ಗೊತ್ತುಮಾಡುವುದು. ಹೊಸಬರು ಹೋಂವರ್ಕ್ ವಿಚಾರಣೆಯನ್ನು ಐದು ನಿಮಿಷಕ್ಕೆ ಮುಗಿಸಿ ಪಾಠಕ್ಕೆ ಹಾರುತ್ತಾರೆ. ಹೊರಗೆ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅಂತ ತಿಳಿಯುವುದೇ ಆ ಅರ್ಧ ಗಂಟೆಯಲ್ಲಿ. ದಯವಿಟ್ಟು ಅದನ್ನು ಕತ್ತರಿಸಬೇಡಿ.

ಸ್ಪೀಚ್ ಥೆರಪಿಸ್ಟ್

ಒಂದು ಕೌಶಲ ಕಲಿಸುವ ಬಗೆಯನ್ನು ಬಿಡಿಸಿ ಹೇಳುತ್ತೇನೆ. ಮೂರು ಜನ ಮಾತಾಡುತ್ತಿದ್ದಾರೆ, ನಾಲ್ಕನೆಯವನು ಸೇರಬೇಕು. ದೊಡ್ಡವರು ಸಾಮಾನ್ಯವಾಗಿ ಕೊಡುವ ಸಲಹೆ, "ಹೋಗಿ ಹಲೋ ಹೇಳು, ನಾನೂ ಸೇರಬಹುದಾ ಅಂತ ಕೇಳು." ಹದಿಹರೆಯದವರು ಯಾರೂ ಹಾಗೆ ಸೇರುವುದಿಲ್ಲ. ಅವರಲ್ಲಿ ಸರಾಗವಾಗಿ ಸೇರುವವರು ನಿಜಕ್ಕೂ ಏನು ಮಾಡುತ್ತಾರೋ ಅದನ್ನೇ ಕಲಿಸಬೇಕು.

ಮೊದಲು ಸ್ವಲ್ಪ ದೂರದಲ್ಲಿ ನಿಂತು, ಕೈಯಲ್ಲಿ ಫೋನೋ ಪುಸ್ತಕವೋ ಹಿಡಿದು, ಕಿವಿ ಅತ್ತ ಕೊಡುವುದು. ವಿಷಯ ಯಾವುದು, ಆ ವಿಷಯ ತನಗೆ ಗೊತ್ತೇ ಅಂತ ತಿಳಿದುಕೊಳ್ಳುವುದು. ಗೊತ್ತಿಲ್ಲದ ವಿಷಯವಾದರೆ ಆ ಗುಂಪನ್ನು ಬಿಟ್ಟುಬಿಡುವುದು. ಗೊತ್ತಿದ್ದರೆ ಮಾತು ಒಂದು ಗಳಿಗೆ ನಿಂತಾಗ ಒಂದೆರಡು ತೋಳಿನಷ್ಟು ಅಂತರಕ್ಕೆ ಬಂದು, ಅದೇ ವಿಷಯದ ಬಗ್ಗೆ ಒಂದು ಮಾತು ಅಥವಾ ಒಂದು ಪ್ರಶ್ನೆ ಹಾಕುವುದು. ಅವರು ಇವನತ್ತ ತಿರುಗಿ, ಜಾಗ ಬಿಟ್ಟು, ಉತ್ತರ ಕೊಟ್ಟರೆ ಸೇರಿದ ಹಾಗೆ. ಬೆನ್ನು ತಿರುಗಿಸಿದರೆ, ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ ನಿಧಾನವಾಗಿ ಹೊರಡುವುದು. ಈ ಹೊರಡುವ ಭಾಗವನ್ನು ಎಷ್ಟೋ ಕಡೆ ಕಲಿಸುವುದೇ ಇಲ್ಲ. ಕಲಿಯದ ಮಗು ಅಲ್ಲೇ ನಿಂತು ಮತ್ತೆ ಮತ್ತೆ ಮಾತಾಡಿ ಅವಮಾನ ಪಡುತ್ತದೆ. ಯಾರಿಗೇ ಆದರೂ ಎಷ್ಟೋ ಸಲ ಹೀಗೆ ಸೇರಲು ಆಗುವುದಿಲ್ಲ ಅನ್ನುವುದನ್ನು ಮೊದಲೇ ಬಾಯಿಬಿಟ್ಟು ಹೇಳಿ.

ಪಾಠಕ್ಕೆ ಮುಂಚೆ ನಡೆಸುವವರಿಬ್ಬರು ತಪ್ಪಾದ ರೀತಿಯನ್ನು ನಟಿಸಿ ತೋರಿಸಿ: ಇಬ್ಬರು ಮೊಬೈಲ್ ಗೇಮ್ ಬಗ್ಗೆ ಮಾತಾಡುತ್ತಿರುವಾಗ ಒಬ್ಬರು ನುಗ್ಗಿ ರೈಲಿನ ವಿಷಯ ತೆಗೆಯುವುದು. (ಮೂರನೆಯವರಾಗಿ ಸಹಾಯಕರೊಬ್ಬರು ಬೇಕು.) ಆಮೇಲೆ ಮೂರು ಪ್ರಶ್ನೆ: ಆ ಇಬ್ಬರಿಗೆ ಏನನ್ನಿಸಿತು? ಇವರ ಬಗ್ಗೆ ಏನಂದುಕೊಂಡರು? ಇವರ ಜೊತೆ ಮತ್ತೆ ಮಾತಾಡಲು ಮನಸ್ಸಾಗುತ್ತಾ? ತಪ್ಪು ನಟನೆಯನ್ನು ಯಾವತ್ತೂ ಮಕ್ಕಳ ಕೈಲಿ ಮಾಡಿಸಬೇಡಿ. ಅವರ ಕೈಯಿಂದ ಸರಿಯಾದದ್ದರ ಅಭ್ಯಾಸ ಮಾತ್ರ.

ಮಕ್ಕಳು ಸಿಕ್ಕಿಹಾಕಿಕೊಳ್ಳುವುದು "ಮಾತು ನಿಂತಾಗ" ಅನ್ನುವಲ್ಲಿ. ಪೂರ್ತಿ ಮೌನವಾಗಲಿ ಅಂತ ಕಾಯುತ್ತಾ ನಿಂತುಬಿಡುತ್ತಾರೆ. ಒಬ್ಬರ ವಾಕ್ಯ ಮುಗಿದು ಇನ್ನೊಬ್ಬರದು ಶುರುವಾಗುವ ಸಣ್ಣ ಸಂದು ಸಾಕು ಅಂತ, ರೆಕಾರ್ಡ್ ಮಾಡಿದ ಸಂಭಾಷಣೆ ಕೇಳಿಸಿ, ಆ ಸಂದು ಬಂದಾಗಲೆಲ್ಲ ಮೇಜು ತಟ್ಟಿಸಿ ಅಭ್ಯಾಸ ಮಾಡಿಸಿ.

ಆಟಿಸ್ಟಿಕ್ ವಯಸ್ಕ, ಗುಂಪುಗಳಲ್ಲಿ ಸಹ ತರಬೇತುದಾರ

ಕಣ್ಣು ನೋಡುವ ಪಾಠ ಬೇಡವೇ ಬೇಡ. ನಮ್ಮಲ್ಲಿ ಬಹಳ ಜನರಿಗೆ ಕಣ್ಣು ನೋಡುತ್ತಾ ಮಾತು ಕೇಳಿಸಿಕೊಳ್ಳುವುದು ಕಷ್ಟ. ಒಂದಕ್ಕೆ ಗಮನ ಕೊಟ್ಟರೆ ಇನ್ನೊಂದು ಕೈತಪ್ಪುತ್ತದೆ. ಮಾತಾಡುವವರ ಕಡೆಗೆ ಮೈ ತಿರುಗಿದ್ದರೆ ಸಾಕು. "ನಾನು ಬೇರೆ ಕಡೆ ನೋಡ್ತಿದ್ರೂ ಕೇಳಿಸ್ಕೊಳ್ತಿದೀನಿ" ಅಂತ ಹೇಳಲು ಕಲಿಸಿ, ಅದು ಬದುಕಿಗೆಲ್ಲ ಉಪಯೋಗ. ಕೈ ಅಲ್ಲಾಡಿಸುವುದು, ತೂಗಾಡುವುದು ಯಾವುದನ್ನೂ ತಿದ್ದಬೇಡಿ. ತನ್ನತನವನ್ನು ದಿನವಿಡೀ ಮುಚ್ಚಿಟ್ಟು ನಟಿಸುವುದಕ್ಕೂ ಆತಂಕ, ಖಿನ್ನತೆಗೂ ನಂಟಿರುವುದನ್ನು ಅಧ್ಯಯನಗಳು ಕಂಡಿವೆ.

ಸ್ವತಃ ಆಟಿಸ್ಟಿಕ್ ಆದ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಿಚಾರವನ್ನು ನಡೆಸುವವರೆಲ್ಲ ತಿಳಿದಿರಬೇಕು: ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ, ಆಟಿಸ್ಟಿಕ್ ವ್ಯಕ್ತಿಯೊಬ್ಬನದೇ ಅಲ್ಲ. ಆದ್ದರಿಂದ "ಸರಿ–ತಪ್ಪು" ಅನ್ನುವ ಬದಲು "ಹೀಗೆ ಮಾಡಿದರೆ ಸಾಮಾನ್ಯವಾಗಿ ಹೀಗಾಗುತ್ತದೆ, ಬಳಸುವುದು ನಿನಗೆ ಬಿಟ್ಟಿದ್ದು" ಅನ್ನಿ.

ಕೋಣೆಯ ಬಗ್ಗೆ: ಗುಂಯ್‌ಗುಟ್ಟುವ ಟ್ಯೂಬ್‌ಲೈಟ್ ಆರಿಸಿ. ಇಂದಿನ ಕಾರ್ಯಕ್ರಮ ಬೋರ್ಡಿನ ಮೇಲೆ ಬರೆದು, ಮುಗಿದದ್ದಕ್ಕೆ ಗುರುತು ಹಾಕುತ್ತಾ ಹೋಗಿ. ಹೆಡ್‌ಫೋನ್‌ಗೆ ಅಡ್ಡಿ ಬೇಡ. ಕೇಳದೆಯೇ ಎದ್ದು ಹೋಗಿ ಕೂರಬಹುದಾದ ಒಂದು ಮೂಲೆ ಇರಲಿ. ಎದ್ದು ಹೋದವರನ್ನು ಹಿಂಬಾಲಿಸಬೇಡಿ.

ಪೋಷಕರ ಸೆಷನ್ ನಡೆಸುವ ವಿಶೇಷ ಶಿಕ್ಷಕಿ

ಹೋಂವರ್ಕ್ ಆಗದಿರುವುದಕ್ಕೆ ಮಕ್ಕಳ ಸೋಮಾರಿತನ ಕಾರಣ ಅಲ್ಲ, ಗೊತ್ತುಮಾಡದಿರುವುದು ಕಾರಣ. "ಈ ವಾರ ಯಾರಿಗಾದರೂ ಫೋನ್ ಮಾಡು" ಅಂದರೆ ಆಗುವುದಿಲ್ಲ. ಆ ಕೊನೆಯ ಹತ್ತು ನಿಮಿಷದಲ್ಲೇ ಯಾರು ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಅಂತ ಎರಡೂ ಮನೆಯವರು ಬರೆದುಕೊಳ್ಳಲಿ. ಕರೆಯ ಗುರಿಯೂ ಒಂದೇ ಇರಲಿ: ಇಬ್ಬರಿಗೂ ಇಷ್ಟವಾದ ಒಂದು ವಿಷಯ ಹುಡುಕುವುದು.

ಮನೆಗೆ ಗೆಳೆಯರನ್ನು ಕರೆಯುವುದು ನಡುವಿನ ವಾರಗಳಲ್ಲಿ. ಮೊದಲ ಸಲ ಒಬ್ಬರನ್ನೇ ಕರೆಯಿರಿ, ಎರಡು ಗಂಟೆ ಮೀರಬಾರದು, ಏನು ಮಾಡುವುದು ಅಂತ ಮೊದಲೇ ಮಾತಾಡಿಕೊಂಡಿರಬೇಕು. ಬರೀ ಕೂತು ಮಾತಾಡುವುದಕ್ಕಿಂತ ಕೈಗೆ ಕೆಲಸವಿರುವ ಆಟ ಲೇಸು. ಆಟದ ಆಯ್ಕೆ ಬಂದವರದು. ತಮ್ಮ ತಂಗಿಯರು ಬೇರೆ ಕೋಣೆಯಲ್ಲಿರಲಿ.

ಇಲ್ಲಿ ದೊಡ್ಡ ತೊಡಕು ಪೋಷಕರದೇ: ಗೆಳೆಯನ ಮುಂದೆಯೇ ತಿದ್ದುತ್ತಾರೆ. ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಅತಿಥಿ ಹೋದ ಮೇಲೆ, ಚೆನ್ನಾಗಿ ಮಾಡಿದ್ದು ಒಂದು ಹೇಳಿ, ಮುಂದಿನ ಸಲಕ್ಕೆ ಒಂದು ಹೇಳಿ. ಒಂದೇ.

ಮನಶ್ಶಾಸ್ತ್ರಜ್ಞೆ

ಕೀಟಲೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬರೀ ಬಾಯಿಮಾತಿನ ರೇಗಿಸುವಿಕೆಗೆ "ಅದಕ್ಕೇನೀಗ?" ಅಂತ ಚಿಕ್ಕದಾಗಿ, ಬೇಸರದ ದನಿಯಲ್ಲಿ ಹೇಳಿ ನಡೆದುಬಿಡುವುದನ್ನು ಅಭ್ಯಾಸ ಮಾಡಿಸಬಹುದು. ಹೊಡೆತ, ಬೆದರಿಕೆ, ಆನ್‌ಲೈನ್ ಕಿರುಕುಳಕ್ಕೆ ಇದು ಬೇಡ. ಅಲ್ಲಿ ದೊಡ್ಡವರೇ ಮಧ್ಯೆ ಬರಬೇಕು. ತನಗಾದದ್ದನ್ನು ಗುಂಪಿನಲ್ಲಿ ವಿವರವಾಗಿ ಹೇಳಿಸಬೇಡಿ, ಆ ಮಗು ಕುಸಿಯುತ್ತದೆ. ಸೆಷನ್ ಮುಗಿದ ಮೇಲೆ ಬೇರೆಯಾಗಿ ಕೂತು ಕೇಳಿ, ಶಾಲೆಯವರ ಜೊತೆ ಮಾತಾಡಿ.

ಸಂಶೋಧನಾ ವಿದ್ಯಾರ್ಥಿ

ಕೊನೆಯಲ್ಲಿ ಪರೀಕ್ಷೆ ಥರ ಪ್ರಶ್ನೆಪತ್ರಿಕೆ ಕೊಟ್ಟು "ಎಲ್ಲರೂ ಕಲಿತರು" ಅಂದುಕೊಳ್ಳಬೇಡಿ. ಗೇಟ್ಸ್, ಕಾಂಗ್, ಲರ್ನರ್ ಅನ್ನುವ ಸಂಶೋಧಕರು 2017ರಲ್ಲಿ ಇಂಥ ಗುಂಪುಗಳ 19 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮಕ್ಕಳು ತಾವೇ ಹೇಳಿಕೊಂಡ ಸುಧಾರಣೆ ದೊಡ್ಡದಿತ್ತು, ಆದರೆ ಅದು "ಏನು ಮಾಡಬೇಕು ಅಂತ ಗೊತ್ತು" ಅನ್ನುವುದರಲ್ಲಿ, ಮಾಡುವುದರಲ್ಲಿ ಅಲ್ಲ. ಪೋಷಕರು ಕಂಡ ಬದಲಾವಣೆ ಸಣ್ಣದು. ಶಿಕ್ಷಕರ ವರದಿಯಲ್ಲಿ ಗಣನೀಯ ವ್ಯತ್ಯಾಸವೇ ಸಿಗಲಿಲ್ಲ. ಮೇಲೆ ಮನಶ್ಶಾಸ್ತ್ರಜ್ಞೆ ಮೇಡಂ ಹೋಂವರ್ಕ್‌ಗೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

ಎಣಿಸಬೇಕಾದದ್ದು ಬೇರೆ. ಕಳೆದ ತಿಂಗಳಲ್ಲಿ ಎಷ್ಟು ಸಲ ಯಾರನ್ನಾದರೂ ಮನೆಗೆ ಕರೆದರು, ಎಷ್ಟು ಸಲ ಯಾರಾದರೂ ಇವರನ್ನು ಕರೆದರು, ಎರಡನ್ನೂ ಶುರುವಿನಲ್ಲಿ, ಮುಗಿದಾಗ, ನಾಲ್ಕೈದು ತಿಂಗಳ ನಂತರ ಬರೆದಿಡಿ. ಒಂಟಿತನ ಕಡಿಮೆಯಾಯಿತಾ ಅಂತ ಮಗುವನ್ನೇ ಕೇಳಿ. ಇಂಥ ಭೇಟಿಗಳು ಹೆಚ್ಚಾಗಿಯೂ ಮಗು ಸುಸ್ತಾಗಿ, ಮಂಕಾಗಿದ್ದರೆ ಗತಿ ನಿಧಾನ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಕಣ್ಣಿನ ಪಾಠ ತೆಗೆದುಹಾಕಿದೆವು, ವಯಸ್ಸಿನ ಪ್ರಕಾರ ಎರಡು ಗುಂಪು ಮಾಡುತ್ತೇವೆ. ಇನ್ನಷ್ಟು ಮಕ್ಕಳು ಸೇರಲು ಕಾದಿದ್ದಾರೆ. ಇನ್ನೊಂದು ಸಂದೇಹ: ಒಬ್ಬನೇ ಅರ್ಧ ಗಂಟೆ ಮಾತಾಡುತ್ತಾ ಹೋದರೆ?

ಸ್ಪೀಚ್ ಥೆರಪಿಸ್ಟ್

ಮಧ್ಯೆ ನಿಲ್ಲಿಸಲು ಎಲ್ಲರೂ ಒಪ್ಪಿದ ಒಂದು ಕೈಸನ್ನೆ ಮೊದಲ ದಿನವೇ ಗೊತ್ತುಮಾಡಿ, ಅದನ್ನು ಎಲ್ಲರ ಮೇಲೂ ಬಳಸಿ, ಅವನೊಬ್ಬನ ಮೇಲಲ್ಲ. "ಅದನ್ನು ಕೊನೆಯಲ್ಲಿ ಕೇಳ್ತೀನಿ" ಅಂದರೆ ಬೋರ್ಡಿನ ಮೂಲೆಯಲ್ಲಿ ಆ ವಿಷಯ ಬರೆದಿಡಿ, ಕೊನೆಯಲ್ಲಿ ತಪ್ಪದೆ ಕೇಳಿ. ಒಂದು ವಾರ ಮರೆತರೆ ಮುಂದಿನ ವಾರ ಅವನು ಆ ಸನ್ನೆಗೆ ನಿಲ್ಲುವುದಿಲ್ಲ.