ಸಹಾಯ ಬೇಕು: ಏರ್ ಪಿಸ್ತೂಲಿನ ಮುಂಭಾರ ಎಷ್ಟಿರಬೇಕು?

ತುಮಕೂರು ಕಡೆಯ ಶೂಟರ್‌ಗಳೇ, 10 ಮೀಟರ್ ಏರ್ ಪಿಸ್ತೂಲಿಗೆ ಬ್ಯಾಲೆನ್ಸ್ ವೇಟ್ (ಸಮತೋಲನಕ್ಕೆ ಹಾಕುವ ಸಣ್ಣ ತೂಕ) ಎಲ್ಲಿ ಕೂರಿಸಬೇಕು ಅಂತ ಸ್ವಲ್ಪ ಹೇಳಿ. ಈಗ ಒಟ್ಟು 960 ಗ್ರಾಂ. ನಿಯಮದ ಮಿತಿ 1500, ಅದರ ಚಿಂತೆಯಿಲ್ಲ. ಬ್ಯಾರಲ್ ತುದಿಗೆ 30 ಗ್ರಾಂ ಹಾಕಿದರೆ ಮೂತಿ ಅಲುಗಾಡೋದು ಕಡಿಮೆ. ಆದರೆ ನಲವತ್ತನೇ ಹೊಡೆತದ ಹೊತ್ತಿಗೆ ಮಣಿಕಟ್ಟು ಸೋತು, ಪೆಲೆಟ್ ಟಾರ್ಗೆಟ್‌ನ ಆರು ಗಂಟೆ ಕಡೆಗೆ, ಅಂದ್ರೆ ನೇರ ಕೆಳಕ್ಕೆ, ಇಳಿಯುತ್ತೆ. ಇನ್ನೂ ಇಪ್ಪತ್ತು ಬಾಕಿ ಇರುತ್ತವಲ್ಲ! ಪೂರ್ತಿ ತೆಗೆದರೆ ಟ್ರಿಗರ್ ಎಳೆಯುವಾಗಿನ ಸಣ್ಣ ತಪ್ಪೂ ಟಾರ್ಗೆಟ್‌ನಲ್ಲಿ ಎದ್ದು ಕಾಣುತ್ತೆ.

ಅದೇ 30 ಗ್ರಾಂ ಅನ್ನು ಟ್ರಿಗರ್ ಗಾರ್ಡ್ ಹತ್ತಿರಕ್ಕೆ ಸರಿಸೋದು ವಾಸಿಯೋ, ಇಲ್ಲ ತುದಿಯಲ್ಲೇ 10–15ಕ್ಕೆ ಇಳಿಸೋದೋ? ಟ್ರಿಗರ್ ಎಳೆತದ ಭಾರ 510 ಗ್ರಾಂಗೆ ಇದೆ, ಕನಿಷ್ಠ 500 ಇರಬೇಕಾದ್ದರಿಂದ ಅದನ್ನು ಮುಟ್ಟಲ್ಲ. ಗ್ರಿಪ್ ಬದಲಿಸಿ ಅನ್ನೋ ಸಲಹೆ ಮಾತ್ರ ಬೇಡ, ಕೈಗೆ ತಕ್ಕಂತೆ ಉಜ್ಜಿದ್ದಾಗಿದೆ.