ಸ್ಕ್ವೀಜಿ ಹಿಡಿಕೆ: ಪ್ರಿಂಟ್ ನಡುವೆ ಮಸುಕು, ಹೆಬ್ಬೆರಳಲ್ಲಿ ನೋವು. ಹೇಗೆ ಸರಿಮಾಡಲಿ?

ಚೀಲದಕ್ಕ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಕಾಟನ್ ಚೀಲಗಳ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ. ವಾಟರ್ ಬೇಸ್ ಪಿಗ್ಮೆಂಟ್ ಇಂಕ್, 43ಟಿ ಮೆಶ್ (ಸೆಂ.ಮೀ.ಗೆ 43 ಎಳೆಯ ಜಾಲರಿ). ಡಿಸೈನ್ ಹೆಚ್ಚೆಂದರೆ 26 ಸೆಂ.ಮೀ. ಅಗಲ. ಇಂಕನ್ನು ಮೆಶ್ ಮೇಲೆ ಎಳೆಯುವ ಸ್ಕ್ವೀಜಿಯ ರಬ್ಬರ್ ಪಾಲಿಯುರೆಥೇನ್‌ದು, ಗಡಸುತನ 60 ಶೋರ್, ಅಂದರೆ ಮೆತ್ತಗಿನದು. 9 ಮಿ.ಮೀ. ದಪ್ಪ, 50 ಮಿ.ಮೀ. ಎತ್ತರ, 30 ಸೆಂ.ಮೀ. ಉದ್ದ.

ಅಂಗಡಿಯಿಂದ ತಂದಾಗ ಅದಕ್ಕೆ ಚಪ್ಪಟೆ ಮರದ ಹಿಡಿಕೆ ಇತ್ತು. ಆರ್ಡರ್ ಜಾಸ್ತಿ ಇದ್ದ ದಿನ ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ಸಿಕ್ಕಾಪಟ್ಟೆ ನೋಯುತ್ತಿತ್ತು. ಹಾಗಾಗಿ ತಮ್ಮನ ತ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಹೊಸ ಹಿಡಿಕೆ ಮಾಡಿಸಿದೆ. ಆ ಪ್ರಿಂಟರ್‌ನ ಬೆಡ್ (ಪ್ರಿಂಟ್ ಆಗುವ ತಟ್ಟೆ) 22 ಸೆಂ.ಮೀ. ಮಾತ್ರ. ಅದಕ್ಕೆ ಎರಡು ತುಂಡಾಗಿ ಪ್ರಿಂಟ್ ಮಾಡಿ ನಡುವೆ ಅಂಟಿಸಿದ್ದೇವೆ. ಬೆರಳು ಕೂರಲಿ ಅಂತ ಗುಳಿಗಳನ್ನೂ ಕೊಟ್ಟಿದ್ದೇವೆ. ರಬ್ಬರ್ 15 ಮಿ.ಮೀ. ಹಿಡಿಕೆಯ ಒಳಗೆ ಹೋಗುತ್ತದೆ, 35 ಮಿ.ಮೀ. ಹೊರಗೆ ಉಳಿಯುತ್ತದೆ.

ಈಗ ಎರಡು ತೊಂದರೆ. ತುಂಬು ಬಣ್ಣದ ಜಾಗದಲ್ಲಿ ಎರಡು ಬದಿ ಗಾಢವಾಗಿ ಬರುತ್ತದೆ, ನಡುವೆ ಮಸುಕು. ಇನ್ನೂ ಒತ್ತಿದರೆ ಬದಿಗಳಲ್ಲಿ ಇಂಕ್ ಗೆರೆ ದಾಟಿ ಹರಡುತ್ತದೆ. ನೋವೂ ಪೂರ್ತಿ ಹೋಗಿಲ್ಲ, ಹೆಬ್ಬೆರಳಿಂದ ಮಣಿಕಟ್ಟಿಗೆ ಬಂದಿದೆ. ಗಟ್ಟಿ ರಬ್ಬರ್ ತರಲಾ? ಅಥವಾ ಹಿಡಿಕೆಗೆ ಇನ್‌ಫಿಲ್ (ಒಳಗಿನ ತುಂಬುವಿಕೆ) ಜಾಸ್ತಿ ಕೊಡಲಾ?

ಹಳೇಸ್ಕ್ರೀನ್:

ಅಕ್ಕಾ, ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಸ್ಕ್ವೀಜಿಯನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಸುಮ್ನೆ ತಾಗಿಸಿ, ಒತ್ತಬೇಡಿ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನಡುವೆ ಬೆಳಕು ತೂರಿದರೆ ರಬ್ಬರ್ ಅಂಚು ಸವೆದಿದೆ ಅಂತ ಅರ್ಥ. ಬೆಳಕು ಬರದಿದ್ದರೆ, ಹಿಡಿಕೆಯ ಬೆನ್ನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಪ್ರಿಂಟ್ ಮಾಡುವಷ್ಟೇ ಜೋರಾಗಿ ಒತ್ತಿ. ಸ್ಕೇಲ್ ಅಡಿಯಲ್ಲಿ ಸಂದು ಕಾಣುತ್ತದಾ ಅಂತ ಬೇರೆ ಯಾರಾದರೂ ನೋಡಲಿ.

ಕೈ ಎಲ್ಲಿ ಇಟ್ಟು ಒತ್ತುತ್ತೀರಿ ಅಂತಲೂ ಹೇಳಿ.

ಚೀಲದಕ್ಕ:

ತಾಗಿಸಿದಾಗ ಬೆಳಕು ಬರಲಿಲ್ಲ. ಅಂಚು ನೆಟ್ಟಗಿದೆ. ಆದರೆ ಒತ್ತಿದಾಗ ಹಿಡಿಕೆ ನಡುವೆ ಮೇಲಕ್ಕೆ ಉಬ್ಬಿ, ಸ್ಕೇಲಿನ ತುದಿಗಳ ಹತ್ತಿರ ಸಂದು ಕಂಡಿತು. ಉಬ್ಬುವುದು ಸರಿಯಾಗಿ ಅಂಟಿಸಿದ ಜಾಗದಲ್ಲೇ. ಕೈಗಳು ಎರಡು ತುದಿಯಲ್ಲಿ ಇರುತ್ತವೆ. ಹೆಬ್ಬೆರಳು ನನ್ನ ಕಡೆ, ಉಳಿದ ಬೆರಳು ಆಚೆ ಕಡೆ. ಇಂಕನ್ನು ನನ್ನ ಕಡೆಗೆ ಎಳೆಯುತ್ತೇನೆ.

ಹಳೇಸ್ಕ್ರೀನ್:

ಹಾಗಾದರೆ ತಪ್ಪು ರಬ್ಬರಿನದಲ್ಲ. ನಿಮ್ಮ ಹಿಡಿಕೆ ಬಾಗುತ್ತಿದೆ. ತುದಿಗಳಲ್ಲಿ ಒತ್ತಿದಾಗ ನಡುಭಾಗ ಮೇಲೇಳುತ್ತದೆ, ಅಲ್ಲಿ ಒತ್ತಡ ಕಡಿಮೆ, ಇಂಕ್ ಬಟ್ಟೆಗೆ ಇಳಿಯುವುದಿಲ್ಲ. ಅದನ್ನು ಸರಿದೂಗಿಸಲು ನೀವು ಇನ್ನೂ ಒತ್ತುತ್ತೀರಿ. ಆಗ ಬದಿಗಳಲ್ಲಿ ರಬ್ಬರ್ ಮಲಗಿಬಿಡುತ್ತದೆ. ಮಲಗಿದ ರಬ್ಬರ್ ಇಂಕನ್ನು ಕತ್ತರಿಸುವ ಬದಲು ಮೆಶ್ ಒಳಗೆ ತುರುಕುತ್ತದೆ. ಗೆರೆ ಹರಡುವುದು ಅದಕ್ಕೇ.

ಸ್ಕ್ವೀಜಿಯಲ್ಲಿ ಬಾಗಬೇಕಾದ್ದು ರಬ್ಬರ್ ಮಾತ್ರ. ಹಿಡಿಕೆ ಕೂದಲೆಳೆಯಷ್ಟೂ ಬಾಗಬಾರದು. ಮೆತ್ತಗಿನ ರಬ್ಬರ್ ಬಳಸುವವರಿಗೆ ಇದು ಇನ್ನೂ ಮುಖ್ಯ.

ಇನ್‌ಫಿಲ್ ಜಾಸ್ತಿ ಮಾಡಿದರೆ ಸ್ವಲ್ಪ ಸುಧಾರಿಸಬಹುದು, ಆದರೆ ಆ ದಾರಿ ದೂರ ಹೋಗುವುದಿಲ್ಲ. ಪಿಎಲ್‌ಎಯ ಬಿಗಿತ ಸುಮಾರು 3 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂನದು ಸುಮಾರು 70. ಅಂದರೆ ಅದೇ ಅಳತೆಯ ಅಲ್ಯೂಮಿನಿಯಂ ತುಂಡು ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಬಿಗಿ. ಬೆನ್ನೆಲುಬನ್ನು ಅಲ್ಯೂಮಿನಿಯಂನಲ್ಲಿ ಮಾಡಿ. ಪ್ಲಾಸ್ಟಿಕ್ಕನ್ನು ಕೈಗೆ ಮೆತ್ತಗೆ ಸಿಗುವ ಕಡೆಗೆ ಮಾತ್ರ ಇಡಿ.

ಎರಡನೇ ವಿಷಯ, ರಬ್ಬರ್ ಎಷ್ಟು ಹೊರಗೆ ಇದೆ ಅನ್ನುವುದು. 35 ಮಿ.ಮೀ. ತುಂಬಾ ಜಾಸ್ತಿ. ಒಂದು ಕಡೆ ಹಿಡಿದ ಪಟ್ಟಿ ಬಾಗುವುದು ಅದರ ಉದ್ದದ ಘನಕ್ಕೆ ತಕ್ಕಂತೆ. 35ರ ಬದಲು 25 ಇಟ್ಟರೆ ಅದೇ ಒತ್ತಡಕ್ಕೆ ಬಾಗುವುದು ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಇಳಿಯುತ್ತದೆ. ಗಟ್ಟಿ ರಬ್ಬರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಬಟ್ಟೆ ಮೇಲೆ ತುಂಬು ಬಣ್ಣಕ್ಕೆ 60 ಶೋರ್ ಒಳ್ಳೆಯದೇ, ಇಂಕ್ ಧಾರಾಳವಾಗಿ ಬಿಡುತ್ತದೆ. ಸಣ್ಣ ಗೆರೆ, ಸಣ್ಣ ಅಕ್ಷರ ಬಂದಾಗ 70 ಬೇಕಾಗುತ್ತದೆ.

ನೋವಿನ ಬಗ್ಗೆ ಸಂಜೆ ಬರೆಯುತ್ತೇನೆ. ಅದಕ್ಕೂ ಹಿಡಿಕೆಗೂ ನೇರ ಸಂಬಂಧ ಇದೆ.

ತೇಗದಪುಡಿ:

ಅಲ್ಯೂಮಿನಿಯಂ ಯಾಕೆ? ಒಳ್ಳೆಯ ತೇಗದ ತುಂಡು ಸಾಕು. ಬಡಗಿ ಹತ್ತಿರ 45 ಮಿ.ಮೀ. ಎತ್ತರದ ಹಿಡಿಕೆ ಮಾಡಿಸಿ, ಅಡಿಯಲ್ಲಿ ರಬ್ಬರ್ ಕೂರುವ ಹಾಗೆ ಸಂದು ತೆಗೆಸಿ. ಕೈಗೂ ಹಿತ. ಪ್ಲೈವುಡ್, ಎಂಡಿಎಫ್ ಮಾತ್ರ ಬೇಡ, ವಾಟರ್ ಬೇಸ್ ಇಂಕ್ ತೊಳೆಯುವಾಗ ನೀರು ಕುಡಿದು ಬಿಚ್ಚಿಕೊಳ್ಳುತ್ತವೆ.

ಹಳೇಸ್ಕ್ರೀನ್:

ತೇಗ ಚೆನ್ನಾಗಿದೆ, ನಾನೂ ಬಹಳ ವರ್ಷ ಬಳಸಿದ್ದೇನೆ. ನನ್ನ ತಕರಾರು ಸಂದಿನ ಬಗ್ಗೆ. ಸಂದಿನಲ್ಲಿ ರಬ್ಬರ್ ಬಿಗಿಯಾಗಿ ಕೂರಲು ಅಂಟು ಇಲ್ಲವೇ ಮೊಳೆ ಬೇಕಾಗುತ್ತದೆ. ಆಮೇಲೆ ರಬ್ಬರ್ ತಿರುಗಿಸಲು ಆಗುವುದಿಲ್ಲ. ಈ ರಬ್ಬರಿಗೆ ಮೇಲೆ, ಕೆಳಗೆ ಎರಡೂ ಅಂಚು ಕೆಲಸಕ್ಕೆ ಬರುತ್ತವೆ. ಬಿಚ್ಚಿ ತಿರುಗಿಸುವ ಹಾಗಿದ್ದರೆ ಒಂದೇ ರಬ್ಬರ್ ಎರಡು ಪಟ್ಟು ಬಾಳುತ್ತದೆ. ತೊಳೆಯುವುದಕ್ಕೂ ಸುಲಭ.

ಈಗ ನೋವು. ಅಕ್ಕ ಹೆಬ್ಬೆರಳು ಈ ಕಡೆ, ಬೆರಳು ಆ ಕಡೆ ಅಂದರಲ್ಲ, ಅದು ಚಿಮುಟಿ ಹಿಡಿಯುವ ರೀತಿ. ಹಾಗೆ ಹಿಡಿದಾಗ ಕೈಗೆ ಸಿಗುವ ಬಲ, ಮುಷ್ಟಿ ಕಟ್ಟಿ ಹಿಡಿದಾಗ ಸಿಗುವುದರ ಸುಮಾರು ಕಾಲು ಭಾಗ. ಚಪ್ಪಟೆ ಹಿಡಿಕೆ ಇದ್ದರೆ ಬೇರೆ ರೀತಿ ಹಿಡಿಯಲು ದಾರಿಯೇ ಇರುವುದಿಲ್ಲ. ಹೆಬ್ಬೆರಳು ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಸ್ಕ್ವೀಜಿ ಹಿಂದಕ್ಕೆ ಬೀಳದ ಹಾಗೆ ತಡೆಯುವುದೂ ಅದೇ, ಕೆಳಕ್ಕೆ ಒತ್ತುವುದೂ ಅದೇ. ನೋಯದೆ ಇನ್ನೇನಾಗುತ್ತದೆ?

ಹಿಡಿಕೆಯ ತಲೆ ದುಂಡಗೆ, 30ರಿಂದ 40 ಮಿ.ಮೀ. ಇರಬೇಕು. ಕೈ ಚಿಕ್ಕದಿದ್ದರೆ 32 ಅಥವಾ 34 ಸಾಕು. ಆಗ ಅಂಗೈ ಅದರ ಮೇಲೆ ಕೂರುತ್ತದೆ, ಬೆರಳು ಸುತ್ತ ಬಳಸುತ್ತವೆ, ಒತ್ತಡ ಭುಜದಿಂದ ನೇರವಾಗಿ ಅಂಗೈಗೆ ಇಳಿಯುತ್ತದೆ. ಹೆಬ್ಬೆರಳಿಗೆ ದಾರಿ ತೋರಿಸುವ ಕೆಲಸವಷ್ಟೇ ಉಳಿಯುತ್ತದೆ.

ಬೆರಳಿನ ಗುಳಿ ತೆಗೆದುಬಿಡಿ. ನೋಡಲು ಚೆಂದ, ಆದರೆ ಕೈಯನ್ನು ಒಂದೇ ಜಾಗದಲ್ಲಿ ಕಟ್ಟಿಹಾಕುತ್ತವೆ. ದಿನವಿಡೀ ಕೆಲಸ ಮಾಡುವ ಕೈ ಆಗಾಗ ಜಾಗ ಬದಲಿಸಬೇಕು. ಗುಳಿಗಳ ನಡುವಿನ ದಿಬ್ಬ ನಿಮ್ಮ ಬೆರಳಿನ ಅಳತೆಗೆ ಹೊಂದದಿದ್ದರೆ ಅದೇ ಒತ್ತಿ ಒತ್ತಿ ನೋವು ಕೊಡುತ್ತದೆ.

ಪದರಪದರ:

ತ್ರೀಡಿ ಪ್ರಿಂಟಿಂಗ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಕಂಪ್ಯೂಟರ್ ಬಿಟ್ಟು ಮಕ್ಕಳ ಆಟದ ಕ್ಲೇ ತನ್ನಿ. ಹಳೆ ಮರದ ಹಿಡಿಕೆಯ ಮೇಲೆ ದಪ್ಪಗೆ ಮೆತ್ತಿ, ನಿಜವಾದ ಸ್ಕ್ರೀನ್ ಮೇಲೆ ನಿಂತು ಎಳೆದು ನೋಡಿ. ಅಂಗೈ ಎಲ್ಲಿ ಕೂರುತ್ತದೆ, ಎಷ್ಟು ವಾಲಿಸಿದರೆ ಮಣಿಕಟ್ಟು ಮುಂಗೈಗೆ ನೇರವಾಗಿ ನಿಲ್ಲುತ್ತದೆ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ರಬ್ಬರ್ 75 ಡಿಗ್ರಿ ಆಸುಪಾಸಿನಲ್ಲಿ ಇಟ್ಟು ಎಳೆಯುವಾಗ ಕೈ ಹೇಗಿರುತ್ತದೋ ಆ ಆಕಾರವೇ ನಮಗೆ ಬೇಕು. ಅದನ್ನು ಅಳೆದು ಡಿಸೈನ್ ಮಾಡಿ.

ಹಳೇಸ್ಕ್ರೀನ್ ಸರ್ ಹೇಳಿದ ಹಾಗೆ ಬೆನ್ನೆಲುಬು ಅಲ್ಯೂಮಿನಿಯಂ ಆದರೆ ನಿಮ್ಮ ಚಿಕ್ಕ ಬೆಡ್ ತೊಂದರೆಯೇ ಅಲ್ಲ. ಹಿಡಿಯನ್ನು ಎಡ, ಬಲ ಅಂತ ಎರಡು ತುಂಡು ಮಾಡಿ. ನಡುವಿನ ಜಾಗಕ್ಕೆ ಈಗ ಭಾರ ಬೀಳುವುದಿಲ್ಲ.

ಪ್ರಿಂಟ್ ಮಾಡುವಾಗ ತುಂಡನ್ನು ಮಲಗಿಸಿ, ಪದರಗಳು ಹಿಡಿಕೆಯ ಉದ್ದಕ್ಕೆ ಹೋಗಲಿ. ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರಗಳ ನಡುವೆಯೇ ಸೀಳುತ್ತದೆ. ಇನ್‌ಫಿಲ್ 20 ಶೇಕಡಾ ಸಾಕು, ಹೊರಗೋಡೆಯ ಸುತ್ತು ನಾಲ್ಕೈದು ಕೊಡಿ. ಬಲ ಬರುವುದು ಗೋಡೆಯಿಂದ.

ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಚೀಲ ಒಣಗಿಸುವ ಹೀಟರ್ ಪಕ್ಕವೂ ಬೇಡ. ಸಾಧ್ಯವಾದರೆ ಪಿಇಟಿಜಿ ಪ್ಲಾಸ್ಟಿಕ್ ಬಳಸಿ, ಅದು ಇನ್ನೊಂದು 15-20 ಡಿಗ್ರಿ ತಡೆಯುತ್ತದೆ. ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡಿಸಿದರೆ ಅಸಿಟೋನ್ ಹತ್ತಿರ ತರಬೇಡಿ, ಕರಗುತ್ತದೆ. ಕೊನೆಗೆ ಎಮರಿ ಪೇಪರ್ ಹಾಕಿ ತೆಳ್ಳಗೆ ಎಪಾಕ್ಸಿ ಬಳಿಯಿರಿ. ಇಲ್ಲದಿದ್ದರೆ ಪದರಗಳ ಗೆರೆಯಲ್ಲಿ ಇಂಕ್ ಕೂತು, ಮುಂದಿನ ಬಿಳಿ ಚೀಲಕ್ಕೆ ನೀಲಿ ಬೆರಳಚ್ಚು ಬೀಳುತ್ತದೆ.

ಚೀಲದಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆನ್ನೆಲುಬು ಹೇಗೆ ಮಾಡುವುದು ಅಂತ ಅಳತೆ ಸಮೇತ ಹೇಳುತ್ತೀರಾ? ನನ್ನ ಹತ್ತಿರ ಡ್ರಿಲ್ ಮಷಿನ್ ಇದೆ, ವೆಲ್ಡಿಂಗ್ ಬರುವುದಿಲ್ಲ.

ಹಳೇಸ್ಕ್ರೀನ್:

ವೆಲ್ಡಿಂಗ್ ಬೇಡ. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಗೆ ಹೋಗಿ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ ಕೇಳಿ. 30 ಸೆಂ.ಮೀ. ಉದ್ದದ ಎರಡು ತುಂಡು ಸಾಕು. ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಬಳಸುವುದರಿಂದ ಒತ್ತಡದ ದಿಕ್ಕಿಗೆ 50 ಮಿ.ಮೀ. ಎತ್ತರ ಸಿಗುತ್ತದೆ. ನಿಮ್ಮ ಕೈಬಲಕ್ಕೆ ಅದು ಬಾಗುವುದಿಲ್ಲ.

ಎರಡು ಪಟ್ಟಿಗಳ ನಡುವೆ ಕೆಳಗಿನ 25 ಮಿ.ಮೀ. ಜಾಗದಲ್ಲಿ ರಬ್ಬರ್, ಮೇಲಿನ 25 ಮಿ.ಮೀ. ಜಾಗದಲ್ಲಿ ಮರದ ರೀಪರ್ ಪಟ್ಟಿ. ರೀಪರ್ ದಪ್ಪ 8 ಮಿ.ಮೀ. ಇರಲಿ, ರಬ್ಬರಿಗಿಂತ 1 ಮಿ.ಮೀ. ಕಡಿಮೆ. ಆಗ ಬೋಲ್ಟ್ ಬಿಗಿದಾಗ ಪಟ್ಟಿಗಳು ಮೊದಲು ರಬ್ಬರನ್ನು ಕಚ್ಚುತ್ತವೆ. ರಬ್ಬರಿನ ಮೇಲಂಚು ರೀಪರ್‌ನ ಕೆಳ ಅಂಚಿಗೆ ತಾಗಿ ಕೂರುವುದರಿಂದ ಉದ್ದಕ್ಕೂ ಒಂದೇ ಮಟ್ಟ. ಹಾಗಾಗಿ ರೀಪರ್ ಅಂಚು ನೆಟ್ಟಗಿರಲೇಬೇಕು, ಕೀಸುಳಿ ಹಾಕಿಸಿ.

ಬೋಲ್ಟ್‌ಗಳು ಎಂ4, ಅಂದರೆ 4 ಮಿ.ಮೀ. ದಪ್ಪದವು. ತೂತು ರೀಪರ್ ಮೂಲಕವೇ ಹೋಗಲಿ, ಆದರೆ ಆದಷ್ಟು ಕೆಳಗೆ, ರಬ್ಬರಿಗೆ ಹತ್ತಿರ. ರಬ್ಬರಿಗೆ ತೂತು ಬೇಡ. ನಿಮ್ಮ ಪ್ಲಾಸ್ಟಿಕ್ ಹಿಡಿ ಮೇಲಿನಿಂದ ಬಂದು ಪಟ್ಟಿಗಳ ತಲೆಯ ಮೇಲೆ ಕೂರುತ್ತದೆ. 3, 8, 3 ಸೇರಿ 14 ಮಿ.ಮೀ., ಅಷ್ಟು ಅಗಲದ ಸಂದು ಕೊಡಿ, ಆಳ 12 ಸಾಕು. ಹಿಡಿಗೆ ಬೇರೆ ಚಿಕ್ಕ ಸ್ಕ್ರೂ ಹಾಕಿ. ರಬ್ಬರ್ ಬಿಗಿಯುವ ಬೋಲ್ಟ್ ಪ್ಲಾಸ್ಟಿಕ್ ಮೂಲಕ ಹೋಗಬಾರದು. ಸದಾ ಒತ್ತಡ ಇದ್ದರೆ ಪಿಎಲ್‌ಎ ನಿಧಾನಕ್ಕೆ ಕುಗ್ಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ.

ಅಲ್ಯೂಮಿನಿಯಂ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆ ಒಂದು ಸಲ ತಾಗಿದರೆ ಮೆಶ್ ಹರಿಯುತ್ತದೆ.

ಇನ್ನೊಂದು ಮಾತು ಅಕ್ಕಾ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಹಿಡಿಕೆ ಬದಲಿಸಿ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಹಾಗಾಗುತ್ತದೆ. ಟೇಬಲ್ ಎತ್ತರವನ್ನೂ ನೋಡಿ. ಟೇಬಲ್ ಎತ್ತರ ಜಾಸ್ತಿ ಇದ್ದರೆ ಮೈಭಾರ ಕೆಲಸಕ್ಕೆ ಬರುವುದಿಲ್ಲ, ಎಲ್ಲವನ್ನೂ ತೋಳೇ ಒತ್ತಬೇಕಾಗುತ್ತದೆ. ಎಳೆಯುವ ಬದಲು ಆಚೆಗೆ ತಳ್ಳುವುದನ್ನೂ ಅಭ್ಯಾಸ ಮಾಡಿ. ದುಂಡು ಹಿಡಿಕೆ ಇದ್ದರೆ ತಳ್ಳುವುದು ಬಲು ಸಲೀಸು. ಎಳೆಯುವುದು, ತಳ್ಳುವುದು ಬದಲಿಸಿ ಮಾಡಿದರೆ ಒಂದೇ ಸ್ನಾಯು ದಣಿಯುವುದಿಲ್ಲ.

ಚೀಲದಕ್ಕ:

ಮಾಡಿದೆ! ಹಿಡಿ ಪಿಇಟಿಜಿಯಲ್ಲಿ, 34 ಮಿ.ಮೀ. ದುಂಡು. ಕ್ಲೇ ಮೆತ್ತಿ ನೋಡಿದ್ದು ತುಂಬಾ ಉಪಯೋಗ ಆಯಿತು, ನಾನು ಅಂದುಕೊಂಡಿದ್ದಕ್ಕಿಂತ ಅಂಗೈ ಜಾಗ ಹಿಂದಕ್ಕಿತ್ತು. ತುಂಬು ಬಣ್ಣ ಈಗ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ. ಮುಂಚಿನ ಅರ್ಧದಷ್ಟೂ ಒತ್ತುತ್ತಿಲ್ಲ ಅನಿಸುತ್ತದೆ. ಹೆಬ್ಬೆರಳು ನೋಯುತ್ತಿಲ್ಲ. ತಳ್ಳುವುದು ಇನ್ನೂ ಕೈಗೆ ಬಂದಿಲ್ಲ, ಕಲಿಯುತ್ತಿದ್ದೇನೆ. ಜೋಮು ಇಲ್ಲ.

ಒಂದೇ ಒಂದು ಉಳಿದಿದೆ. ಬೋಲ್ಟ್ ಇರುವ ಜಾಗದ ಕೆಳಗೆ ರಬ್ಬರ್ ಅಂಚು ಸ್ವಲ್ಪ ಅಲೆಯ ಹಾಗೆ ಕಾಣುತ್ತದೆ. ಪ್ರಿಂಟ್‌ನಲ್ಲಿ ಸಣ್ಣ ಉದ್ದ ಗೆರೆ ಬರುತ್ತಿದೆ. ಮೂರು ಬೋಲ್ಟ್ ಹಾಕಿದ್ದೇನೆ.

ಹಳೇಸ್ಕ್ರೀನ್:

ಬೋಲ್ಟ್ ಕಡಿಮೆ ಇದೆ, ಅದಕ್ಕೆ ಒಂದೊಂದನ್ನೂ ಅತಿಯಾಗಿ ಬಿಗಿದಿದ್ದೀರಿ. ಬಿಗಿದ ಜಾಗದಲ್ಲಿ ರಬ್ಬರ್ ಹಿಸುಕಿ ಕೆಳಕ್ಕೆ ಉಬ್ಬುತ್ತದೆ. ಐದು ಹಾಕಿ, ನಡುವೆ 6-7 ಸೆಂ.ಮೀ. ಅಂತರ ಬರುತ್ತದೆ. ಎಲ್ಲವನ್ನೂ ಸಡಿಲ ಮಾಡಿ, ರಬ್ಬರನ್ನು ಗಾಜಿನ ಮೇಲೆ ನಿಲ್ಲಿಸಿ ಮಟ್ಟ ಮಾಡಿಕೊಂಡು, ನಡುವಿನ ಬೋಲ್ಟ್‌ನಿಂದ ಶುರುಮಾಡಿ ಹೊರಕ್ಕೆ ಹೋಗುತ್ತ ಸ್ವಲ್ಪ ಸ್ವಲ್ಪ ಬಿಗಿಯಿರಿ. ಪಟ್ಟಿ ರೀಪರಿಗೆ ತಾಗಿದ ಕೂಡಲೇ ನಿಲ್ಲಿಸಿ.

ಆಮೇಲೂ ಗೆರೆ ಬಂದರೆ ಅಂಚು ಉಜ್ಜಬೇಕು. ದಪ್ಪ ಗಾಜಿಗೆ 220 ನಂಬರಿನ ಎಮರಿ ಪೇಪರ್ ಅಂಟಿಸಿ, ಸ್ಕ್ವೀಜಿಯನ್ನು ಚೌಕ ಮರದ ತುಂಡಿಗೆ ಆನಿಸಿ ನೆಟ್ಟಗೆ ಹಿಡಿದು ಉದ್ದಕ್ಕೆ ಎಳೆಯಿರಿ. ಕೊನೆಗೆ 400 ನಂಬರ್.

ತೇಗದಪುಡಿ:

ಈ ಪಟ್ಟಿಗಳ ಉಪಾಯ ನನಗೂ ಹಿಡಿಸಿತು. ನಾನು ಇದನ್ನೇ ಮಾಡಿ ಮೇಲಿನ ಹಿಡಿಯನ್ನು ತೇಗದಲ್ಲಿ ಕೆತ್ತುತ್ತೇನೆ. ಅಕ್ಕಾ, ನಿಮ್ಮ ಹಿಡಿ ಎಷ್ಟು ವಾಲಿಸಿದ್ದೀರಿ?

ಚೀಲದಕ್ಕ:

ಐದು ಬೋಲ್ಟ್ ಹಾಕಿದ ಮೇಲೆ ಅಲೆ ಹೋಯಿತು, ಉಜ್ಜುವುದೇ ಬೇಕಾಗಲಿಲ್ಲ. ವಾಲಿಸಿದ್ದು 12 ಡಿಗ್ರಿ, ನನ್ನ ಕಡೆಗೆ. ಆದರೆ ಅದು ನನ್ನ ಎತ್ತರಕ್ಕೆ, ನನ್ನ ಟೇಬಲ್ಲಿಗೆ ಬಂದ ಲೆಕ್ಕ. ನೀವು ಕ್ಲೇ ಮೆತ್ತಿ ನೋಡಿಯೇ ಕೆತ್ತಿ. ತೂತಿನ ಅಳತೆ ಬೇಕಿದ್ದರೆ: ಮೊದಲ ತೂತು ತುದಿಯಿಂದ 20 ಮಿ.ಮೀ., ಆಮೇಲೆ 65 ಮಿ.ಮೀ.ಗೆ ಒಂದೊಂದು. ಎಲ್ಲವೂ ಪಟ್ಟಿಯ ಕೆಳ ಅಂಚಿನಿಂದ 31 ಮಿ.ಮೀ. ಎತ್ತರದಲ್ಲಿ.