ತೂಕ ಇಳಿಸಿಕೊಂಡ ಮೇಲೆ ಮ್ಯಾಮೋಗ್ರಾಂ ಮಾಡಿಸಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ, ತೂಕ 94 ಕೆಜಿ. ಮುಟ್ಟು ನಿಂತಿದೆ. ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಮ್ಮ ಅಂತ ಮಗಳು ಹೇಳುತ್ತಲೇ ಇದ್ದಾಳೆ. ಹಿಂದೆ ಬೇರೆ ತಪಾಸಣೆಗೆ ಹೋದಾಗ, "ಇಷ್ಟು ಮೈ ಬೆಳೆಸಿಕೊಂಡ್ರೆ ಹೇಗಮ್ಮಾ" ಅಂದುಬಿಟ್ಟರು. ಇನ್ನೊಬ್ಬರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಲ್ಲ ಅಂತ ಹೋಗೋಕೇ ಮನಸ್ಸಿಲ್ಲ. ಕೈಗೆ ಗಂಟೇನೂ ಸಿಕ್ಕಿಲ್ಲ. ತೂಕ ಇಳಿಸಿ ಹೋದರಾಗದಾ?

ಉತ್ತರ: ಬೇಡಮ್ಮ, ಕಾಯಬೇಡಿ. ಹಾಗೆ ಮಾತಾಡಿದ್ದು ಅವರ ತಪ್ಪು. ಇಂಥ ಒಂದು ಮಾತಿಗೆ ನೊಂದು ಎಷ್ಟೋ ಹೆಂಗಸರು ಆಸ್ಪತ್ರೆ ಕಡೆ ತಲೆ ಹಾಕೋದಿಲ್ಲ. ತುಂಬಾ ದಪ್ಪ ಇರುವವರು ಮ್ಯಾಮೋಗ್ರಾಂಗೆ ಬರುವುದು ಕಡಿಮೆ ಅಂತ ಅಮೆರಿಕದ ಅಧ್ಯಯನಗಳಲ್ಲೂ ಕಂಡಿದೆ. ಆದರೆ ಮುಟ್ಟು ನಿಂತ ಮೇಲೆ ಮೈಯ ಕೊಬ್ಬಿನಲ್ಲೇ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ತಯಾರಾಗುತ್ತದೆ, ಅದು ಸ್ತನ ಕ್ಯಾನ್ಸರ್ ಬೆಳೆಯೋಕೆ ಇಂಬು ಕೊಡಬಹುದು. ಹಾಗಾಗಿ ಆ ವಯಸ್ಸಿನಲ್ಲಿ ತೂಕ ಜಾಸ್ತಿ ಇದ್ದವರಿಗೆ ಸ್ತನ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಹೆಚ್ಚು. ಪರೀಕ್ಷೆ ಬೇಕಾಗಿರುವುದೇ ನಿಮಗೆ, ಅಲ್ವಾ?

ದೊಡ್ಡ ಸ್ತನದಲ್ಲಿ ಆಳದ ಗಂಟು ಕೈಗೆ ಸುಲಭವಾಗಿ ಸಿಗೋದಿಲ್ಲ. ಮ್ಯಾಮೋಗ್ರಾಂನಲ್ಲಿ ಮಾತ್ರ ಕೊಬ್ಬು ಕಪ್ಪಗೆ, ಗಂಟು ಬೆಳ್ಳಗೆ ಕಾಣುತ್ತದೆ. ಕೊಬ್ಬಿನ ಸ್ತನದಲ್ಲಿ ಅದು ಎದ್ದು ಕಾಣುತ್ತದೆ. ಈ ಪರೀಕ್ಷೆಗೆ ನಿಮ್ಮ ಮೈ ಅಡ್ಡಿಯೇ ಅಲ್ಲ.

ಮೊದಲೇ ಫೋನ್ ಮಾಡಿ, ಹೆಂಗಸು ಟೆಕ್ನಿಷಿಯನ್ ಇರುವ ಹೊತ್ತು ಕೇಳಿಕೊಳ್ಳಿ. ಸೊಂಟದ ಮೇಲಿನ ಬಟ್ಟೆ ಮಾತ್ರ ತೆಗೆದರೆ ಸಾಕು. ಅವತ್ತು ಪೌಡರ್, ಡಿಯೋಡರೆಂಟ್ ಹಚ್ಚಬೇಡಿ. ಯಂತ್ರ ಒತ್ತುವುದು ಕೆಲವೇ ಸೆಕೆಂಡು. ಸ್ತನ ಪೂರ್ತಿ ಒಂದೇ ಚಿತ್ರದಲ್ಲಿ ಬರದಿದ್ದರೆ ಇನ್ನೊಂದೆರಡು ತೆಗೆಯುತ್ತಾರೆ. ಏನೋ ಸಿಕ್ಕಿತು ಅಂತ ಗಾಬರಿಯಾಗಬೇಡಿ. ಯಾರಾದರೂ ಮೈ ಬಗ್ಗೆ ಮಾತೆತ್ತಿದರೆ, "ಪರೀಕ್ಷೆ ಮಾಡಿ ಸಾಕು" ಅನ್ನಿ. ಹಾಗೆ ಹೇಳುವ ಹಕ್ಕು ನಿಮಗಿದೆ.

ಇನ್ನೊಬ್ಬರ ಪ್ರಶ್ನೆ: ನಾನು ತೀರಾ ತೆಳ್ಳಗೆ, 34 ವರ್ಷ. ನನ್ನದು ಚಿಕ್ಕದು. ಇದರಲ್ಲಿ ನೋಡೋಕೇನಿದೆ ಅಂತಾರೇನೋ ಅಂತ ನಾಚಿಕೆ. ಚಿಕ್ಕ ಸ್ತನಕ್ಕೂ ಕ್ಯಾನ್ಸರ್ ಬರುತ್ತಾ ಮೇಡಂ?

ಉತ್ತರ: ಬರುತ್ತದೆ. ಗಾತ್ರ ನೋಡಿಕೊಂಡು ಅದು ಬರೋದಿಲ್ಲ. ಆದರೆ ತೊಂದರೆ ಏನೂ ಇಲ್ಲದಿದ್ದರೆ ನಿಮ್ಮ ವಯಸ್ಸಿಗೆ ಮ್ಯಾಮೋಗ್ರಾಂ ಬೇಡ. ಅಮ್ಮನಿಗೋ ಅಕ್ಕ-ತಂಗಿಗೋ ಬಂದಿದ್ದರೆ ಲೆಕ್ಕ ಬೇರೆ, ಒಮ್ಮೆ ವೈದ್ಯರನ್ನು ಕೇಳಿ. ನಮ್ಮ ಸರ್ಕಾರದ 2016ರ ಮಾರ್ಗಸೂಚಿ ಪ್ರಕಾರ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಮುಂಬೈಯ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು 1998ರಿಂದ ಇದೇ ಪರೀಕ್ಷೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿಸಿ, ಒಟ್ಟು 20 ವರ್ಷ ಗಮನಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾವು ಶೇ. 30ರ ಹತ್ತಿರ ತಗ್ಗಿತು. ಇಷ್ಟಿದ್ದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 30ರಿಂದ 49 ವರ್ಷದವರಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ನನಗೆ ಬಹಳ ಸಂಕಟವಾಗೋದು ಇದಕ್ಕೇ.

ಗಂಟು ಸಿಕ್ಕರೆ, ಚರ್ಮ ಗುಳಿ ಬಿದ್ದರೆ, ತೊಟ್ಟಿನಿಂದ ರಕ್ತ ಬಂದರೆ ವಯಸ್ಸು, ತೂಕ ಯಾವುದನ್ನೂ ನೋಡದೆ ಆ ವಾರವೇ ತೋರಿಸಿ.